ಇದ್ದದ್ರಲ್ಲಿ ಏನಾದ್ರೂ ಮಾಡು ಅಂತಾರಲ್ಲ, ಆ ‘ಏನಾದ್ರೂ’ ಅಂದ್ರೆ ಏನು?

ಪ್ರಶ್ನೆ: ಭಟ್ರೇ, ನಾನು ಶಿವಮೊಗ್ಗ ಕಡೆಯವಳು, ಈಗ ಕೇರಳದ ಕಾಸರಗೋಡು ಕಡೆ ಬದಿಯಡ್ಕದ ಹತ್ರ ಬಾಡಿಗೆ ಮನೇಲಿ ಇದೀವಿ. ನಾನು ಸ್ಕೂಲ್ ಟೀಚರ್, ನಮ್ಮೆಜಮಾನ್ರಿಗೂ ಕೆಲಸ, ಮನೆ ಸೇರೋದೇ ಸಂಜೆ ಏಳಕ್ಕೆ. ಈ ಮಳೇಲಿ ಮತ್ತೆ ಪೇಟೆಗೆ ಹೋಗೋಕೆ ಜೀವ ಇರಲ್ಲ. ಮೊಬೈಲಲ್ಲಿ ರೆಸಿಪಿ ನೋಡಿದ್ರೆ ಯಾವಾಗ್ಲೂ ಒಂದೋ ಎರಡೋ ಸಾಮಾನು ನಮ್ಮನೇಲಿ ಇರೋದೇ ಇಲ್ಲ. ಅಮ್ಮನಿಗೆ, ಅತ್ತೆಗೆ ಫೋನ್ ಮಾಡಿದ್ರೆ ಇಬ್ರೂ ಹೇಳೋದು ಒಂದೇ, “ಇದ್ದದ್ರಲ್ಲಿ ಏನಾದ್ರೂ ಮಾಡು” ಅಂತ. ಆ ಏನಾದ್ರೂ ಅಂದ್ರೆ ಏನು ಅಂತ ಮಾತ್ರ ಯಾರೂ ಹೇಳಲ್ಲ. ಇವತ್ತು ಇರೋದು ಅರ್ಧ ಬಣ್ಣದ ಸೌತೆ (ಮಂಗಳೂರು ಸೌತೆ), ಅರ್ಧ ಹೋಳು ತೆಂಗಿನಕಾಯಿ, ಹುಳಿ ಬಂದಿರೋ ಮಜ್ಜಿಗೆ, ಎರಡು ಈರುಳ್ಳಿ, ಬೆಳ್ಳುಳ್ಳಿ, ನಾಲ್ಕೈದು ಹಸಿಮೆಣಸು, ಒಂದಿಷ್ಟು ತೊಗರಿಬೇಳೆ, ಫ್ರಿಜ್ಜಲ್ಲಿ ಬೆಳಿಗ್ಗೆ ಮಿಕ್ಕಿದ ಅನ್ನ. ನಮ್ಮೆಜಮಾನ್ರಿಗೆ ಪಲ್ಯ ಇಲ್ದಿದ್ರೆ ಊಟ ಸೇರಲ್ಲ ಬೇರೆ. ಏನು ಮಾಡ್ಲಿ?

ಉತ್ತರ: ಟೀಚರೇ, ನಿಮ್ಮ ಪಟ್ಟಿ ಓದಿ ನನಗೆ ನಗು ಬಂತು, ಬೇಜಾರು ಮಾಡ್ಬೇಡಿ, ಯಾಕಂದ್ರೆ ಅರ್ಧ ಸೌತೆ, ಕಾಯಿ, ಹುಳಿಮಜ್ಜಿಗೆ, ಹಸಿಮೆಣಸು ಇಷ್ಟನ್ನೂ ಸಾಲಾಗಿ ನೀವೇ ಬರೆದು ಕೊನೆಗೆ ಏನು ಮಾಡ್ಲಿ ಅಂತ ಕೇಳಿದ್ದೀರಿ. ಅದು ಮೇಲಾರ ಮಾರಾಯ್ರೆ, ನಿಮ್ಮ ಮಜ್ಜಿಗೆಹುಳಿಯ ಜಾತಿಯದ್ದು. ಇವತ್ತಿನ ರಾತ್ರಿಯ ಉತ್ತರ ಅಷ್ಟೆ. ಆದ್ರೆ ನಾಳೆ ಮಜ್ಜಿಗೆ ಇರುದಿಲ್ಲ, ನಾಡಿದ್ದು ಕಾಯಿ ಇರುದಿಲ್ಲ, ಆಗ ಪುನಃ ಕೇಳ್ತೀರಿ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೇನೆ.

ಮೊದಲು ನನ್ನ ಮರ್ಯಾದೆ ಹೋದ ಕತೆ. ನಾನು ಜೆಂಬ್ರದ (ಸಮಾರಂಭದ) ಅಡಿಗೆಯವ, ಮದುವೆ ಉಪನಯನ ಬ್ರಹ್ಮಕಲಶ ಅಂತ 800 ಜನಕ್ಕೆ ಸಾವಿರ ಜನಕ್ಕೆ ಬೇಯ್ಸಿ ಅಭ್ಯಾಸ. ನಮ್ಮ ಕೆಲಸ ಶುರುವಾಗುದೇ ಸಾಮಾನಿನ ಚೀಟಿಯಿಂದ, ಇಷ್ಟು ಜನ ಅಂತ ಹೇಳಿದ್ರೆ ಇಷ್ಟು ಕಾಯಿ, ಇಷ್ಟು ಕೆಜಿ ಬೇಳೆ, ಇಷ್ಟು ಕುಂಬಳ ಅಂತ ಬರೆದುಕೊಟ್ರೆ ಮನೆಯವರು ತಂದು ರಾಶಿ ಹಾಕ್ತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಕರ್ನಾಟಕದ ಗಡಿ ಮುಚ್ಚಿ ರಸ್ತೆಗೆ ಮಣ್ಣು ಸುರಿದ್ರು ನೋಡಿ, ಜೆಂಬ್ರ ಎಲ್ಲ ಕ್ಯಾನ್ಸಲ್, ಮನೆಯಲ್ಲೇ ಕೂತದ್ದು. ಆಗಲೇ ನನ್ನ ಹೆಂಡತಿಗೆ ಸೊಂಟ ಹಿಡಿದು ಎರಡು ದಿನ ಏಳ್ಲಿಕ್ಕೆ ಆಗ್ಲಿಲ್ಲ. ನಾನು ಗತ್ತಲ್ಲಿ ಅಡಿಗೆ ಕೋಣೆಗೆ ಹೋದೆ, ಬುಟ್ಟಿ ನೋಡಿದೆ, ಒಂದು ಬದನೆ, ಒಂದು ತುಂಡು ಸುವರ್ಣಗೆಡ್ಡೆ, ಬಾಡಿದ ನಾಲ್ಕು ಅಲಸಂಡೆ. ಸಾಂಬಾರಿಗೆ ಕೊತ್ತಂಬರಿ ಇಲ್ಲ, ಹಲವು ತರಕಾರಿ ಸೇರ್ಸುವ ಅವಿಲಿಗೆ ಇಷ್ಟು ಸಾಲದು, ಪಲ್ಯಕ್ಕೆ ಮೂರೂ ಬೇರೆ ಬೇರೆ ಜಾತಿ. ಸುಮಾರು ಹತ್ತು ನಿಮಿಷ ಹಾಗೇ ನಿಂತಿದ್ದೆ, ಬರೀ ಮನೆಯವರ ಊಟಕ್ಕೆ. ಜಗಲಿಯಲ್ಲಿ ಕೂತಿದ್ದ ಅಮ್ಮನಿಗೆ ಸದ್ದೇ ಇಲ್ಲದ್ದು ಗೊತ್ತಾಗಿ ಅಲ್ಲಿಂದಲೇ ಕೇಳಿದ್ರು, “ಹುಳಿಗೆ ಎಂತ ಇದ್ದು ಮಗಾ?”

ಆ ಪ್ರಶ್ನೆ ನೋಡಿ. ತರಕಾರಿ ಎಂತ ಉಂಟು ಅಂತ ಕೇಳ್ಲಿಲ್ಲ ಅಮ್ಮ. ಹುಳಿಗೆ ಎಂತ ಉಂಟು ಅಂತ ಕೇಳಿದ್ದು. ನಾನು ಹುಣಸೆ ಉಂಟು ಅಂದೆ, ಬೆಳ್ಳುಳ್ಳಿ ಉಂಟಾ ಅಂದ್ರು, ಉಂಟು ಅಂದೆ, ಹಾಗಾದ್ರೆ ಮೂರನ್ನೂ ಸೇರ್ಸಿ ಬೋಳುಹುಳಿ ಮಾಡು, ಅದರಲ್ಲಿ ಕೇಳುದೆಂತ ಅಂತ ಬೈದ್ರು. ಮೂವತ್ತು ವರ್ಷ ಅಡಿಗೆ ಮಾಡಿದವನಿಗೆ ಆ ದಿನ ಗೊತ್ತಾದ್ದು, ನಮ್ಮ ಊರಿನ ಪದಾರ್ಥಗಳಿಗೆ (ಅನ್ನಕ್ಕೆ ಕಲಸುವ ಅಡಿಗೆಗಳಿಗೆ) ಹೆಸರು ಇಟ್ಟದ್ದು ತರಕಾರಿ ನೋಡಿ ಅಲ್ಲ, ಹುಳಿ ಯಾವುದು ಮತ್ತು ಕಾಯಿ ಹೇಗೆ ಅಂತ ನೋಡಿ. ಮಜ್ಜಿಗೆ ಹುಳಿ, ಹಸಿಕಾಯಿ ಅರೆದು ಕುದಿಸಿದ್ರೆ ಮೇಲಾರ. ಅದೇ ಮಜ್ಜಿಗೆ, ಹಸಿಕಾಯಿ, ಆದ್ರೆ ಕುದಿಸದೆ ಇದ್ರೆ ತಂಬುಳಿ. ಅದಕ್ಕೇ ಹಸಿ ಸಾಸಿವೆ ಸೇರ್ಸಿ ಗಟ್ಟಿ ಅರೆದು ಮೊಸರಲ್ಲಿ ಕಲಸಿದ್ರೆ ಸಾಸಮೆ. ಹುಣಸೆ ಹುಳಿ, ಕಾಯಿ, ಹುರಿದ ಒಣಮೆಣಸು ಆದ್ರೆ ಕೊದ್ದೆಲ್, ಹವ್ಯಕರ ಮನೆಯಲ್ಲಿ ಬೆಂದಿ ಅಂತೇವೆ. ಕೊತ್ತಂಬರಿ ಮೆಂತೆ ಉದ್ದಿನಬೇಳೆ ಎಲ್ಲ ಹುರಿದು ಬಿದ್ರೆ ಸಾಂಬಾರು. ಹುಣಸೆ ಉಂಟು ಕಾಯಿ ಇಲ್ಲ, ಬೋಳುಹುಳಿ. ಹುಳಿಯೇ ಇಲ್ಲ, ಬೇಳೆ ಮಾತ್ರ, ತೊವ್ವೆ. ಇದರಲ್ಲಿ ತರಕಾರಿಯ ಹೆಸರು ಎಲ್ಲಾದ್ರೂ ಬಂತಾ? ಮೊಬೈಲ್ ರೆಸಿಪಿ ಉಲ್ಟಾ ಹೇಳ್ತದೆ, “ಬೀನ್ಸ್ ಕಾಲು ಕೆಜಿ ತಗೊಳ್ಳಿ” ಅಂತಲೇ ಶುರು ಮಾಡ್ತದೆ, ನಿಮ್ಮಲ್ಲಿ ಬೀನ್ಸ್ ಇಲ್ಲ, ಕತೆ ಅಲ್ಲಿಗೇ ಮುಗೀತು.

ಈಗ ನಿಮ್ಮ ಸೌತೆಗೆ ಬರುವ. ಕೊರೆದ ಕೂಡ್ಲೆ ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿ ಉಂಟಾ ಅಂತ. ನಾವು ಅಡಿಗೆಯವರು ಇದನ್ನು ಬಿಡುದೇ ಇಲ್ಲ, ಐವತ್ತು ಸೌತೆಯಲ್ಲಿ ಒಂದು ಕಹಿ ಸೇರಿದ್ರೂ ಇಡೀ ಕಡಾಯಿ ಹೋಯ್ತು. ಸೋರೆಕಾಯಿಯಾದ್ರೆ ಇನ್ನೂ ಜಾಗ್ರತೆ, ಕಹಿ ಸೋರೆ ವಿಷ, ತಿಂದ್ರೆ ವಾಂತಿ ಭೇದಿ ಆಗಿ ಆಸ್ಪತ್ರೆ ಸೇರಬೇಕಾಗ್ತದೆ, ಬೆಲ್ಲ ಹಾಕಿ ಮುಚ್ಚುವ ಬುದ್ಧಿವಂತಿಕೆ ಎಲ್ಲ ಬೇಡ, ಬಿಸಾಡಿ.

ಕಹಿ ಇಲ್ಲದಿದ್ರೆ ತಿರುಳು ಬೀಜ ತೆಗೆದು ಬೇರೆ ಇಡಿ (ಬಿಸಾಡ್ಬೇಡಿ, ಅದಕ್ಕೆ ಕೆಲಸ ಉಂಟು), ಸಿಪ್ಪೆ ಎಳೆಯದಾದ್ರೆ ಇರ್ಲಿ, ಹೆಬ್ಬೆರಳಿನ ಅಗಲಕ್ಕೆ ಕೊಯ್ದು, ಮುಳುಗುವಷ್ಟು ನೀರು, ಉಪ್ಪು, ಚಿಟಿಕೆ ಅರಶಿನ ಹಾಕಿ ಬೇಯ್ಲಿಕ್ಕೆ ಇಡಿ. ಕುಕ್ಕರ್ ಬೇಡ, ಕರಗಿ ಹೋಗ್ತದೆ. ಅದು ಬೇಯುವ ಹತ್ತು ಹನ್ನೆರಡು ನಿಮಿಷದಲ್ಲಿ ನಿಮ್ಮ ಅರ್ಧ ಹೋಳಲ್ಲಿ ಮುಕ್ಕಾಲು ಪಾಲು ಕಾಯಿ ತುರಿದು, ಮೂರು ಹಸಿಮೆಣಸು, ಒಂದು ಚಮಚ ಅಕ್ಕಿ ಹಾಕಿ ನುಣ್ಣಗೆ ಅರೀರಿ, ಅಕ್ಕಿಯನ್ನು ಮನೆಗೆ ಬಂದ ಕೂಡ್ಲೆ ನೀರಿಗೆ ಹಾಕಿಟ್ರೆ ಒಳ್ಳೇದು, ಮರೆತ್ರೆ ಅಕ್ಕಿಹಿಟ್ಟೇ ಒಂದು ಚಮಚ ಸಾಕು. ಹೋಳು ಬೆಂದ ಮೇಲೆ ಅರೆದದ್ದು ಹಾಕಿ ಒಂದು ಕುದಿ ಬರ್ಲಿ, ಮತ್ತೆ ಉರಿ ಸಣ್ಣ ಮಾಡಿ ಒಂದು ಲೋಟ ಮಜ್ಜಿಗೆ ಹೊಯ್ದು ಕಲಕ್ತಾ ಇರಿ, ಬದಿಯಲ್ಲಿ ನೊರೆ ಎದ್ದು ಒಮ್ಮೆ ಮೇಲೆ ಬಂತು ಹೇಳುವಾಗ ಇಳ್ಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಂದು ಒಣಮೆಣಸು, ಕರಿಬೇವು ಒಗ್ಗರಣೆ. ಅಲ್ಲಿಗೆ ಮುಗೀತು. ನಿಮ್ಮ ಊರಿನ ಮಜ್ಜಿಗೆಹುಳಿಗೆ ಜೀರಿಗೆ ಕಡ್ಲೆಬೇಳೆ ಎಲ್ಲ ಬೀಳ್ತದೆ, ನಮ್ಮ ಮೇಲಾರಕ್ಕೆ ಬೀಳುದಿಲ್ಲ, ಯಾವುದು ಸರಿ ಅಂತ ಜಗಳ ಮಾಡ್ಲಿಕ್ಕೆ ನನಗೆ ಪುರುಸೊತ್ತಿಲ್ಲ, ಮಲಯಾಳದವರು ಇದೇ ಜಾತಿಯದ್ದಕ್ಕೆ ಪುಳಿಶೇರಿ ಅಂತ ಹೆಸರಿಟ್ಟು ಅವರ ಲೆಕ್ಕದಲ್ಲಿ ಮಾಡ್ತಾರೆ.

ಮಜ್ಜಿಗೆ ಒಡೀತದೆ ಅಂತ ಹೆದರಿ ತುಂಬ ಜನ ಮೇಲಾರ ಮಾಡುದೇ ಇಲ್ಲ. ಒಡೆಯುದು ಯಾಕೆ ಹೇಳಿದ್ರೆ ಹುಳಿ ಇರುವ ಮಜ್ಜಿಗೆಗೆ ಒಮ್ಮೆಲೇ ಜೋರು ಬಿಸಿ ತಾಗಿದ್ರೆ ಹಾಲಿನ ಸತ್ವ ಗಂಟು ಕಟ್ಟಿ ನೀರು ಬೇರೆ ಆಗ್ತದೆ. ಅಕ್ಕಿ ಅರೆದು ಹಾಕುದು ಬರೀ ದಪ್ಪ ಆಗ್ಲಿ ಅಂತಲ್ಲ, ಆ ಹಿಟ್ಟಿನ ಅಂಶ ನಡುವೆ ಸೇರಿಕೊಂಡು ಗಂಟು ಕಟ್ಲಿಕ್ಕೆ ಬಿಡುದಿಲ್ಲ. ಮತ್ತೆ ಫ್ರಿಜ್ಜಿಂದ ತೆಗೆದ ತಣ್ಣಗಿನ ಮಜ್ಜಿಗೆ ಸೀದಾ ಹೊಯ್ಯಬೇಡಿ, ಮನೆಗೆ ಬಂದ ಕೂಡ್ಲೆ ಹೊರಗೆ ಇಡಿ. ಇಷ್ಟು ಮಾಡಿಯೂ ಒಡೆದ್ರೆ ಒಡೀಲಿ, ರುಚಿ ಹಾಗೇ ಇರ್ತದೆ, ನೋಡ್ಲಿಕ್ಕೆ ಚಂದ ಇಲ್ಲ ಅಷ್ಟೆ, ಮನೆಯಲ್ಲಿ ಇಬ್ಬರೇ ಇರುದಲ್ವಾ.

ಕಾಯಿಯ ಒಂದು ವಿಷಯ. ತುರಿದು ಡಬ್ಬಿಯಲ್ಲಿ ಫ್ರೀಜರಲ್ಲಿ ಇಟ್ಟುಕೊಳ್ಳಿ, ಆದಿತ್ಯವಾರ ಎರಡು ಕಾಯಿ ತುರಿದ್ರೆ ವಾರದ ಕೆಲಸ ಆಯ್ತು. ಕಾಸರಗೋಡಿನಲ್ಲಿ ಕೂತು ಫ್ರೀಜರ್ ಕಾಯಿ ಬಳಸುದಾ ಅಂತ ಕೇಳುವವರು ಉಂಟು, 1916ರಿಂದ ತೆಂಗಿನ ಸಂಶೋಧನಾ ಕೇಂದ್ರ ಇರುವ ಊರಿದು, ಆದ್ರೆ ಏಳು ಗಂಟೆಗೆ ಬಂದು ಕಾಯಿ ಸುಲಿಯುವ ಕಷ್ಟ ಸಂಶೋಧನೆ ಮಾಡುವವರಿಗೂ ಒಂದೇ, ಟೀಚರಿಗೂ ಒಂದೇ. ಆ ತಣ್ಣಗಿನ ತುರಿಯನ್ನು ಮಾತ್ರ ಹಾಗೇ ತಣ್ಣೀರು ಹಾಕಿ ಮಿಕ್ಸಿಗೆ ಹಾಕ್ಬೇಡಿ, ಬೆಣ್ಣೆ ಬಂದ ಹಾಗೆ ಜಿಡ್ಡು ಬೇರೆ ಆಗ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದ್ರೆ ಗಟ್ಟಿ ಆಗ್ತದಲ್ಲ, ಜಾರಿನ ಒಳಗೂ ಅದೇ ಆಗುದು. ಉಗುರುಬೆಚ್ಚಗಿನ ನೀರು ಹಾಕಿ ಅರೆದ್ರೆ ಆಯ್ತು.

ಕಾಯಿ ಮುಗಿದ ದಿನ ಬೋಳುಹುಳಿ. ಇದೇ ಸೌತೆಯನ್ನು ಉಪ್ಪು, ಸೀಳಿದ ಎರಡು ಹಸಿಮೆಣಸು ಅಥವಾ ಅರ್ಧ ಚಮಚ ಮೆಣಸಿನ ಹುಡಿ ಹಾಕಿ ಬೇಯ್ಸಿ, ಬೆಂದ ಮೇಲೆ ಅಡಿಕೆ ಗಾತ್ರದ ಹುಣಸೆ ಕಿವುಚಿದ ನೀರು, ಅದಕ್ಕೆ ಸರಿಯಾಗಿ ಬೆಲ್ಲ. ಬೆಂದ ಮೇಲೆ ಅಂದೆ, ಗಮನ ಇರ್ಲಿ, ಮೊದಲೇ ಹುಳಿ ಹಾಕಿದ್ರೆ ತರಕಾರಿ ಬೇಯ್ಲಿಕ್ಕೆ ಕೇಳುದೇ ಇಲ್ಲ, ಬೇಳೆಯೂ ಹಾಗೇ, ಹುಳಿಗೆ ಅದು ಬಿಗಿದುಕೊಳ್ತದೆ. ಕುಕ್ಕರಲ್ಲಿ ಎಲ್ಲ ಒಟ್ಟಿಗೆ ಹಾಕಿ ನಾಲ್ಕು ವಿಸಿಲ್ ಕೂಗ್ಸಿ ಬೇಳೆ ಬೆಂದಿಲ್ಲ, ಅಂಗಡಿಯವ ಹಳೇ ಬೇಳೆ ಕೊಟ್ಟ ಅಂತ ಬೈಯುವವರಲ್ಲಿ ಅರ್ಧ ಜನ ಹುಣಸೆಯನ್ನು ಮೊದಲೇ ಹಾಕಿದವರು. (ಹಳೇ ಬೇಳೆಯೂ ಬೇಯುದು ನಿಧಾನ, ಅದು ಸತ್ಯ.) ಬೋಳುಹುಳಿಯ ಜೀವ ಇರುದು ಒಗ್ಗರಣೆಯಲ್ಲಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ ಜಜ್ಜಿ ತೆಂಗಿನೆಣ್ಣೆಯಲ್ಲಿ ಕೆಂಪಾಗುವವರೆಗೆ ಬಿಡ್ಬೇಕು, ಬಿಳಿ ಇರುವಾಗಲೇ ಹಾಕಿದ್ರೆ ಜ್ವರದವರ ಸಾರು, ಕಪ್ಪಾದ್ರೆ ಕಹಿ. ಬೆಳ್ಳುಳ್ಳಿ ತಿನ್ನದ ಮನೆಯಾದ್ರೆ ಇಂಗು. ಬದನೆ, ಸುವರ್ಣಗೆಡ್ಡೆ, ಬಸಳೆ, ಹಲಸಿನ ಬೀಜ, ಬೆಂಡೆ ಯಾವುದಕ್ಕೂ ಇದು ಆಗ್ತದೆ, ಅಮ್ಮ ಹೇಳಿದ ಹಾಗೆ ಮೂರು ಜಾತಿ ಸೇರಿದ್ರೂ ಆಗ್ತದೆ, ಬೇಗ ಬೇಯುದನ್ನು ಆಮೇಲೆ ಹಾಕುವ ಬುದ್ಧಿ ಒಂದು ಇದ್ರೆ ಸಾಕು.

ಹುಣಸೆಯೂ ಮುಗಿದಿದ್ರೆ? ಇದೇ ಊರಲ್ಲಿ ಕೂತು ಹುಳಿ ಇಲ್ಲ ಅಂತ ಹೇಳುದು ನಾಚಿಕೆ. ಒಣಗಿಸಿದ ಪುನರ್ಪುಳಿ (ಕೋಕಂ) ಸಿಪ್ಪೆ ನಾಲ್ಕು ಬಿಸಿನೀರಿಗೆ ಹಾಕಿ, ಬಣ್ಣ ಬಿಟ್ಟ ಆ ನೀರಿಗೆ ಉಪ್ಪು ಬೆಲ್ಲ ಹಾಕಿ ಕುದಿಸಿ ಒಗ್ಗರಣೆ ಕೊಟ್ರೆ ಸಾರೇ ಆಯ್ತು. ಪಕ್ಕದ ಮನೆಯ ಹಿತ್ತಿಲಲ್ಲಿ ಹುಳಿಕಾಯಿ ಬಿಡುವ ಬಿಂಬುಳಿ ಮರ ಇದ್ರೆ ಕೇಳಿ, ಯಾರೂ ಬೇಡ ಅನ್ನುದಿಲ್ಲ, ಬುಡದಲ್ಲಿ ಬಿದ್ದು ಕೊಳೆಯುದೇ ಜಾಸ್ತಿ. ಏಪ್ರಿಲ್ ಮೇಯಲ್ಲಿ ಮಾವಿನಕಾಯಿ. ನಿಂಬೆ ಮಾತ್ರ ಒಲೆಯಿಂದ ಇಳ್ಸಿದ ಮೇಲೆ ಹಿಂಡಿ, ಕುದಿಸಿದ್ರೆ ಕಹಿ ಬರ್ತದೆ. ಒಂದೇ ಪದಾರ್ಥಕ್ಕೆ ಎರಡು ಹುಳಿ ಹಾಕ್ಬೇಡಿ, ಟೊಮೆಟೊ ಹಾಕಿ ಹುಣಸೆಯೂ ಹಾಕಿ ಮೇಲಿಂದ ಮೊಸರೂ ಹೊಯ್ದು ಎಂತದೋ ಮಾಡ್ತಾರೆ ಈಗಿನವರು, ಬಾಯಿಗೆ ಇಟ್ರೆ ಯಾವುದರ ರುಚಿಯೂ ಇಲ್ಲ.

ಆ ಸೌತೆ ತಿರುಳು ಬೇರೆ ಇಟ್ಟಿದ್ರಲ್ಲ. ಬೀಜ ಎಳೆಯದಾದ್ರೆ ಬೀಜ ಸಮೇತ, ಬಲಿತಿದ್ರೆ ಬೀಜ ತೆಗೆದು, ಒಂದು ಹಸಿಮೆಣಸು, ಮಿಕ್ಕಿದ ಕಾಲು ಪಾಲು ಕಾಯಿತುರಿ, ಉಪ್ಪು ಹಾಕಿ ಅರೆದ್ರೆ ಚಟ್ನಿ, ಅದಕ್ಕೆ ಮಜ್ಜಿಗೆ ಹೊಯ್ದು ನೀರು ಮಾಡಿದ್ರೆ ತಂಬುಳಿ. ಹೀರೆಕಾಯಿ ಸಿಪ್ಪೆ, ಸೀಮೆಬದನೆ ಸಿಪ್ಪೆ ಎಲ್ಲ ಎಣ್ಣೆಯಲ್ಲಿ ಬಾಡಿಸಿ ಚಟ್ನಿಗೆ ಹಾಕ್ತೇವೆ, ಬಾಳೆಕಾಯಿ ಸಿಪ್ಪೆಯನ್ನು ಸಣ್ಣಕೆ ಕೊಚ್ಚಿ ಪಲ್ಯ ಮಾಡ್ತೇವೆ. ನಮ್ಮಲ್ಲಿ ಹಿಂದೆ ಬೇಸಗೆಯಲ್ಲಿ ಗದ್ದೆಯಲ್ಲಿ ಬೆಳೆದ ಸೌತೆಯನ್ನು ಬಾಳೆಹಗ್ಗದಲ್ಲಿ ಕಟ್ಟಿ ಮಾಡಿನ (ಸೂರಿನ) ಅಡ್ಡಕ್ಕೆ ಸಾಲಾಗಿ ನೇತು ಹಾಕ್ತಿದ್ರು, ಒಂದಕ್ಕೊಂದು ತಾಗದೆ, ನೆಲ ತಾಗದೆ, ಗಾಳಿ ಆಡುವ ಹಾಗೆ, ಆಟಿಯ (ಜುಲೈ-ಆಗಸ್ಟ್) ಮಳೆಗೂ ಅದೇ ತರಕಾರಿ. ಹೊರಗೆ ಹೋಗ್ಲಿಕ್ಕೆ ಆಗದ ಎರಡು ಮೂರು ತಿಂಗಳಿಗೆ ಆ ಸೌತೆ, ಕುಂಬಳ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಉಪ್ಪುನೀರಿನ ಮಾವಿನಕಾಯಿ, ಬೇಯ್ಸಿ ಒಣಗಿಸಿದ ಹಲಸಿನ ಬೀಜ, ಹಪ್ಪಳ, ಬಾಳ್ಕದ ಮೆಣಸು (ಮಜ್ಜಿಗೆ ಮೆಣಸು). ನೀವು ಪೇಟೆಗೆ ಹೋಗ್ಲಿಕ್ಕೆ ಜೀವ ಇಲ್ಲ ಅಂದ್ರಿ, ಅವರಿಗೆ ಹೋಗ್ಲಿಕ್ಕೆ ಪೇಟೆಯೇ ಇರ್ಲಿಲ್ಲ. ಉಪ್ಪಿನಸೊಳೆ ಯಾರಾದ್ರೂ ಕೊಟ್ರೆ ಬೇಡ ಅನ್ಬೇಡಿ, ಬೆಳಿಗ್ಗೆ ಹೋಗುವಾಗ ನೀರಿಗೆ ಹಾಕಿ ಹೋಗಿ, ಸಂಜೆ ಹಿಂಡಿ ಒಮ್ಮೆ ನೀರು ಬದಲಿಸಿದ್ರೆ ಉಪ್ಪು ಬಿಡ್ತದೆ, ಕಾಯಿ ಹಾಕಿ ಪಲ್ಯ ಮಾಡಿ. ಉಪ್ಪು ಪುನಃ ಹಾಕ್ಲಿಕ್ಕೆ ಹೋಗ್ಬೇಡಿ, ನಾನೊಮ್ಮೆ ಹಾಕಿ ಇಡೀ ಪಾತ್ರೆ ದನಕ್ಕೂ ಆಗ್ಲಿಲ್ಲ.

ಇನ್ನು ಮಳೆಗಾಲದ ಮುಖ್ಯ ಸಂಗತಿಯನ್ನು ನೀವು ಬರೀಲಿಲ್ಲ, ಕರೆಂಟ್. ಏಳು ಗಂಟೆಗೆ ಗಾಳಿಮಳೆಗೆ ಲೈನಿನ ಮೇಲೆ ಅಡಿಕೆಮರ ಬಿದ್ರೆ ಆ ರಾತ್ರಿ ಮಿಕ್ಸಿ ಇಲ್ಲ, ಈಗ ಯಾರ ಮನೆಯಲ್ಲಿ ಅರೆಯುವ ಕಲ್ಲು ಉಂಟು, ಇದ್ರೂ ಅರೆಯುವ ಸೊಂಟ ಯಾರಿಗುಂಟು. ಮೇಲಾರಕ್ಕೆ ಹೊರಟವರು ಅಲ್ಲೇ ಸಿಕ್ಕಿಬೀಳ್ತಾರೆ. ಅದಕ್ಕೆ ಅರೆಯದೇ ಆಗುವ ನಾಲ್ಕು ಪದಾರ್ಥ ಕೈಯಲ್ಲಿ ಇರ್ಬೇಕು. ಬೋಳುಹುಳಿ ಹೇಳಿ ಆಯ್ತು. ಮಂಜೇಶ್ವರದ ಕೊಂಕಣಿಯವರ ದಾಳಿತೊಯ್ ಇನ್ನೂ ಸುಲಭ, ಅರ್ಧ ಲೋಟ ತೊಗರಿಬೇಳೆ ಚೆನ್ನಾಗಿ ಬೇಯ್ಸಿ ಕಡೆದು, ಸೀಳಿದ ಹಸಿಮೆಣಸು, ಉಪ್ಪು ಹಾಕಿ ಕುದಿಸಿ, ಒಗ್ಗರಣೆಗೆ ಸಾಸಿವೆ, ಒಣಮೆಣಸು, ಕರಿಬೇವು, ಕೈ ಬಿಟ್ಟು ಇಂಗು. ಹುಳಿ ಇಲ್ಲ, ಈರುಳ್ಳಿ ಇಲ್ಲ, ಕಾಯಿ ಇಲ್ಲ, ಇಷ್ಟೂ ಇಲ್ಲದೆ ಅಷ್ಟು ರುಚಿ ಹೇಗೆ ಬರ್ತದೆ ಅಂತ ನನಗೆ ಈಗಲೂ ಆಶ್ಚರ್ಯ, ಇಂಗಿನ ಮಹಿಮೆ ಇರ್ಬೇಕು. ಮಲಯಾಳದವರ ಓಲನ್ ಇನ್ನೊಂದು, ಬೂದುಕುಂಬಳ, ಬೇಯ್ಸಿದ ಅಲಸಂಡೆ ಬೀಜ, ಹಸಿಮೆಣಸು, ಕೈಯಲ್ಲೇ ಹಿಂಡಿದ ಕಾಯಿಹಾಲು, ಮೇಲಿಂದ ಹಸಿ ತೆಂಗಿನೆಣ್ಣೆ ಕರಿಬೇವು, ಒಗ್ಗರಣೆಯೂ ಬೇಡ. ನಮ್ಮ ಮನೆ ಹತ್ರದ ಚೇಚಿ (ಮಲಯಾಳಿ ಅಕ್ಕ) ಬೂದುಕುಂಬಳ ಇಲ್ಲದ ದಿನ ಎಳೆ ಪಪ್ಪಾಯಿ ಹಾಕ್ತಾರೆ, ಏನೂ ಕೆಟ್ಟಿಲ್ಲ.

ನಾಲ್ಕನೇದು ಗೊಜ್ಜು. ಏನೂ ಇಲ್ಲದ ರಾತ್ರಿಯ ದೇವರು ಅದು. ಹುಣಸೆ ಕಿವುಚಿ, ಬೆಲ್ಲ ಉಪ್ಪು ಹಾಕಿ, ಎರಡು ಹಸಿಮೆಣಸು ಅಥವಾ ನಾಲ್ಕು ಗಾಂಧಾರಿ ಮೆಣಸನ್ನು (ಸೂಜಿಮೆಣಸು) ಆ ನೀರಲ್ಲೇ ಉಪ್ಪಿನೊಟ್ಟಿಗೆ ನುರಿದು (ಸೌಟಿನಲ್ಲಿ ನುರೀರಿ, ಕೈಯಲ್ಲಿ ನುರಿದು ಕಣ್ಣು ಮುಟ್ಟಿದ್ರೆ ರಾತ್ರಿ ನಿದ್ರೆ ಇಲ್ಲ), ಸಣ್ಣಕೆ ಕೊಚ್ಚಿದ ಹಸಿ ಈರುಳ್ಳಿ ಹಾಕಿ, ತೆಂಗಿನೆಣ್ಣೆಯ ಬೆಳ್ಳುಳ್ಳಿ ಒಗ್ಗರಣೆ. ಬದನೆ ಇದ್ರೆ ಗ್ಯಾಸಲ್ಲೇ ಸುಟ್ಟು ಸಿಪ್ಪೆ ತೆಗೆದು ಇದಕ್ಕೇ ಹಿಸುಕಿ. ಬಿಸಿ ಕುಚ್ಚಲಕ್ಕಿ ಗಂಜಿ, ಈ ಗೊಜ್ಜು, ಸುಟ್ಟ ಹಪ್ಪಳ, ಹೊರಗೆ ಜೋರು ಮಳೆ, ಕರೆಂಟ್ ಬಾರದಿದ್ರೂ ತೊಂದರೆ ಇಲ್ಲ ಅಂತ ಅನ್ನಿಸ್ತದೆ.

ಕುಚ್ಚಲಕ್ಕಿ ಅಂದೆ, ಅದು ಸಂಜೆ ಏಳಕ್ಕೆ ಬಂದು ತೆರೆದ ಪಾತ್ರೆಯಲ್ಲಿ ಇಟ್ರೆ ಎಂಟು ಕಳೀತದೆ. ಕುಕ್ಕರಲ್ಲಿ ಒಂದೆರಡು ವಿಸಿಲ್ ಬರ್ಸಿ ಬಂದ್ ಮಾಡಿ ಹಾಗೇ ಬಿಡಿ, ಪ್ರೆಶರ್ ತಾನಾಗಿ ಇಳಿಯುವಷ್ಟರಲ್ಲಿ ಮುಕ್ಕಾಲು ಕೆಲಸ ಆಗಿರ್ತದೆ, ಬೇಕಾದ್ರೆ ಪುನಃ ಐದು ನಿಮಿಷ. ಬೆಳ್ತಿಗೆಗೆ (ಬಿಳಿ ಅಕ್ಕಿಗೆ) ಈ ರಗಳೆ ಇಲ್ಲ.

ಫ್ರಿಜ್ಜಿನ ಅನ್ನದ ವಿಷಯ. ಬೆಳಿಗ್ಗೆ ಆರಿದ ಕೂಡ್ಲೆ ಒಳಗೆ ಇಟ್ಟಿದ್ರೆ ಧೈರ್ಯವಾಗಿ ಬಳಸಿ, ಹಬೆ ಆಡುವಷ್ಟು ಬಿಸಿ ಮಾಡಿ. ಸಂಜೆವರೆಗೆ ಹೊರಗೆ ಕಟ್ಟೆಯ ಮೇಲೇ ಇದ್ದು ನೀವು ಬಂದ ಮೇಲೆ ಫ್ರಿಜ್ಜಿಗೆ ಹೋದದ್ದಾದ್ರೆ ಬೇಡ. ಅನ್ನದಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜ ಬೇಯ್ಸಿದ್ರೂ ಸಾಯುದಿಲ್ಲ, ನಮ್ಮ ಊರಿನ ಸೆಕೆಗೆ ಅದು ಬೆಳೆದು ವಿಷ ಬಿಡ್ತದೆ, ಆ ವಿಷ ಪುನಃ ಬಿಸಿ ಮಾಡಿದ್ರೂ ಹೋಗುದಿಲ್ಲ, ವಾಸನೆಯೂ ಬರುದಿಲ್ಲ ಕೆಲವೊಮ್ಮೆ. ಜೆಂಬ್ರದಲ್ಲಿ ನಾವು ಇದಕ್ಕೆ ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರುದಿಲ್ಲ. ಕಾಯಿ ಅರೆದು ಹಾಕಿದ ಪದಾರ್ಥವೂ ಹಾಗೆ, ಮಧ್ಯಾಹ್ನದ ಕೊದ್ದೆಲ್ ರಾತ್ರಿಗೆ ಕುದಿಸಿಯೇ ಬಳಸುದು. ತಂಬುಳಿ ಸಾಸಮೆಯನ್ನು ಕುದಿಸ್ಲಿಕ್ಕೆ ಆಗುದಿಲ್ಲ, ಹಾಗಾಗಿ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡುದು, ಮಿಕ್ಕಿದ್ರೆ ದಾಕ್ಷಿಣ್ಯ ಇಲ್ಲದೆ ಚೆಲ್ಲುದು.

ಸಾಸಮೆ ಯಾಕೆ ಕುದಿಸ್ಬಾರ್ದು ಅಂತ ಕೇಳ್ತೀರಿ, ಟೀಚರಲ್ವಾ. ಸಾಸಿವೆಯ ಘಾಟು ಕಾಳಿನಲ್ಲಿ ತಯಾರಾಗಿ ಇರುದಿಲ್ಲ, ಜಜ್ಜಿ ನೀರು ತಾಗಿದ ಮೇಲೇ ಅದು ಹುಟ್ಟುದು, ಬಿಸಿ ತಾಗಿದ್ರೆ ಸತ್ತುಹೋಗುದು. ಹಾಗಾಗಿ ಬೇಯ್ಸಿದ ತರಕಾರಿ ಪೂರ್ತಿ ತಣಿದ ಮೇಲೆ ಕಾಲು ಚಮಚ ಸಾಸಿವೆ ಹಾಕಿ ಅರೆದ ಕಾಯಿ, ಮೊಸರು ಸೇರ್ಸುದು. ಅರ್ಧ ಚಮಚ ಹಾಕಿದ್ರೆ ಹೆಚ್ಚಾಯ್ತು, ಮೂಗಿಗೆ ಹತ್ತುದಕ್ಕಿಂತ ಮೊದಲು ಕಹಿ ಗೊತ್ತಾಗ್ತದೆ.

ತಂಬುಳಿಗೆ ತರಕಾರಿಯೂ ಬೇಡ. ನಿಮ್ಮ ಬಾಡಿಗೆ ಮನೆ ಅಂಗಳದಲ್ಲಿ ಎಂತ ಉಂಟು ಅಂತ ನಾಳೆ ಬೆಳಿಗ್ಗೆ ಓನರ್ ಅಮ್ಮನನ್ನು ಕರ್ಕೊಂಡು ಹೋಗಿ ನೋಡಿ. ತೋಡಿನ ಬದಿಯಲ್ಲಿ ಒಂದೆಲಗ, ಬಾವಿಕಟ್ಟೆ ಹತ್ರ ಸಾಂಬ್ರಾಣಿ (ನಿಮ್ಮಲ್ಲಿ ದೊಡ್ಡಪತ್ರೆ), ಬೇಲಿಯಲ್ಲಿ ಚಕ್ರಮುನಿ, ನುಗ್ಗೆ. ಒಂದು ಹಿಡಿ ಸೊಪ್ಪು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಸ್ವಲ್ಪ ಕಾಯಿಯೊಟ್ಟಿಗೆ ಅರೆದು ಮಜ್ಜಿಗೆ ಹೊಯ್ದ್ರೆ ಹತ್ತು ನಿಮಿಷ. ಸೊಪ್ಪೇ ಇಲ್ಲದಿದ್ರೆ ಬರೀ ಜೀರಿಗೆ ಕಾಳುಮೆಣಸಿನ ತಂಬುಳಿ, ಬರೀ ಮೆಂತೆಯದ್ದು (ಕಾಲು ಚಮಚ, ಕೆಂಪಗೆ ಹುರಿದು), ಬರೀ ಶುಂಠಿಯದ್ದು. ಗುರ್ತ ಇಲ್ಲದ ಸೊಪ್ಪು ಮಾತ್ರ ಫೋಟೋ ನೋಡಿ ಕೊಯ್ಬೇಡಿ, ಕೆಸುವಿನ ಎಲೆಗೂ ಏಳು ಗಂಟೆಯ ಮೇಲೆ ಕೈ ಹಾಕ್ಬೇಡಿ, ಹುಳಿ ಸಾಕಷ್ಟು ಹಾಕಿ ಚೆನ್ನಾಗಿ ಬೇಯ್ಸದಿದ್ರೆ ಗಂಟಲು ತುರಿಸಿ ಬೆಳಗಿನವರೆಗೆ ಕೆರೆದುಕೊಳ್ಳುದೇ ಕೆಲಸ.

ಸಾಂಬಾರು ಹುಡಿಯ ಮೇಲೆ ನನಗೆ ಸಿಟ್ಟಿಲ್ಲ, ಆದ್ರೆ ಅವಸರದ ದಿನ ಕೈ ಸೀದಾ ಆ ಡಬ್ಬಿಗೆ ಹೋಗ್ತದೆ, ಸೌತೆಗೂ ಅದೇ, ಬೆಂಡೆಗೂ ಅದೇ, ಪಲ್ಯಕ್ಕೂ ಒಂದು ಚಮಚ ಅದೇ, ಹತ್ತು ದಿನ ಕಳೆದ ಮೇಲೆ ತರಕಾರಿ ಬೋರ್ ಆಯ್ತು ಅಂತ ಹೇಳ್ತೀರಿ. ಬೋರ್ ಆದ್ದು ತರಕಾರಿ ಅಲ್ಲ. ಸೋಮವಾರ ಮಜ್ಜಿಗೆ, ಮಂಗಳವಾರ ಹುಣಸೆ, ಬುಧವಾರ ಹುಳಿ ಇಲ್ಲದ ತೊವ್ವೆ, ಹೀಗೆ ಹುಳಿಯನ್ನು ತಿರುಗಿಸಿದ್ರೆ ಒಂದೇ ಸೌತೆಯಲ್ಲಿ ವಾರ ದೂಡ್ಬಹುದು, ನಾವು ಲಾಕ್‌ಡೌನಲ್ಲಿ ಕುಂಬಳದಲ್ಲಿ ದೂಡಿದ್ದೇವೆ, ಒಂಬತ್ತು ದಿನ, ಒಂದೇ ಕುಂಬಳ, ಮಕ್ಕಳು ಐದನೇ ದಿನದವರೆಗೆ ಕಂಡುಹಿಡೀಲಿಲ್ಲ.

ಇವತ್ತಿನ ಲೆಕ್ಕ ಹೀಗೆ ಮಾಡಿ. ಬಂದ ಕೂಡ್ಲೆ ಮಜ್ಜಿಗೆ ಹೊರಗೆ, ಒಂದು ಚಮಚ ಅಕ್ಕಿ ನೀರಿಗೆ, ಸೌತೆ ಕೊರೆದು ಒಲೆಗೆ. ಅದು ಬೇಯುವಾಗ ಕಾಯಿ, ಅರೆಯುದು. ಅನ್ನ ಬಿಸಿ ಮಾಡ್ಲಿಕ್ಕೆ ಇನ್ನೊಂದು ಒಲೆ. ತೊಗರಿಬೇಳೆಯನ್ನು ಇವತ್ತು ಮುಟ್ಬೇಡಿ, ಅದು ನಾಳೆ ಕರೆಂಟ್ ಹೋದ್ರೆ ದಾಳಿತೊಯ್‌ಗೆ. ಅರ್ಧ ಗಂಟೆ ಸಾಕು, ಮೊದಲ ಸಲ ಮುಕ್ಕಾಲು ಅಂತ ಇಟ್ಟುಕೊಳ್ಳಿ.

ಮತ್ತೆ ಆ ಪಲ್ಯದ ವಿಷಯ. ನಿಮ್ಮಲ್ಲಿ ಎರಡು ಈರುಳ್ಳಿ ಉಂಟು, ಉದ್ದಕ್ಕೆ ಸೀಳಿ, ಸಾಸಿವೆ ಉದ್ದಿನಬೇಳೆ ಒಗ್ಗರಣೆಯಲ್ಲಿ ಉಪ್ಪು, ಚಿಟಿಕೆ ಬೆಲ್ಲ, ಒಂಚೂರು ಮೆಣಸಿನ ಹುಡಿ ಹಾಕಿ ಬಾಡಿಸಿ ಮೇಲಿಂದ ಒಂದು ಮುಷ್ಟಿ ಕಾಯಿತುರಿ ಉದುರಿಸಿದ್ರೆ ಅದು ಪಲ್ಯವೇ, ಅಲ್ಲ ಅಂತ ಹೇಳ್ಲಿಕ್ಕೆ ಯಾರಿಗೂ ಆಗುದಿಲ್ಲ. ಅಷ್ಟಕ್ಕೆ ಕಾಯಿ ಸಾಲದೆ ಬಂದ್ರೆ ಚಟ್ನಿ ಬಿಡಿ, ತಿರುಳನ್ನು ಮೇಲಾರಕ್ಕೇ ಹಾಕಿ. ಈರುಳ್ಳಿ ಸೀಳಿ ಕಣ್ಣೀರು ಹಾಕುವ ಕೆಲಸ ಮಾತ್ರ ನೀವು ಮಾಡ್ಬೇಡಿ, ಪಲ್ಯ ಬೇಕು ಅಂದವರಿಗೇ ಚೂರಿ ಕೊಡಿ.